ಮಧ್ಯಾಹ್ನದ ಹಸಿರು

“ಹಾಗಾದ್ರೆ ಈ ಮಸಿ ಎಲ್ಲಿಂದ ಬಂತು?”

ಕೇಳಿದವಳು ಆ ಮನೆಯ ಸೊಸೆ. ಉತ್ತರ ಹೇಳಲು ತಾರಸಿಯ ಮೇಲೆ ಯಾರೂ ಇರಲಿಲ್ಲ. ಸಿಮೆಂಟಿನ ನೀರಿನ ತೊಟ್ಟಿ, ಬಟ್ಟೆ ಒಣಹಾಕುವ ತಂತಿ, ಮೂಲೆಯಲ್ಲಿ ಮೂರು ಕಾಲಿನ ಮೇಲೆ ನಿಂತು ಸದಾ ಗುಂಯ್ ಎನ್ನುವ ಯಂತ್ರ, ಇಷ್ಟೇ. ಅವಳ ಕೈಯಲ್ಲಿ ಗಂಡನ ಬಿಳಿ ಬನಿಯನ್ ಇತ್ತು. ಬೆಳಗ್ಗೆ ಒಗೆದು ಹಾಕಿದ್ದು. ಈಗ ಕೊಡವಿದರೆ ಹೊಲಿಗೆಯ ಸಂದಿಯಿಂದ ಕರಿ ಪುಡಿ ಉದುರುತ್ತಿತ್ತು. ಕೆಳಗೆ, ರಸ್ತೆಗಳು ಕೂಡುವಲ್ಲಿ ನಿಲ್ಲಿಸಿದ ದೊಡ್ಡ ಫಲಕದಲ್ಲಿ ಮಾತ್ರ ಹಸಿರು ಬೆಳಕು. ಬೆಳಕಿನ ಪಕ್ಕ ಒಂದು ನಗುವ ಮುಖ. ಇಲ್ಲಿನ ಗಾಳಿ ಚೆನ್ನಾಗಿದೆ, ನಿಶ್ಚಿಂತೆಯಿಂದ ಉಸಿರಾಡಿ ಎಂದು ಅದರ ಅರ್ಥ.

ಬನಿಯನ್ ಹೇಳಿದ್ದನ್ನು ನಂಬಬೇಕೋ, ಫಲಕ ಹೇಳಿದ್ದನ್ನು ನಂಬಬೇಕೋ ಅವಳಿಗೆ ತಿಳಿಯಲಿಲ್ಲ. ಬನಿಯನ್‌ಗೆ ಸುಳ್ಳು ಹೇಳುವ ಅಗತ್ಯವಂತೂ ಇರಲಿಲ್ಲ.

ನಗರದ ಆ ಮಗ್ಗುಲಲ್ಲಿ ಚಿಮಣಿಗಳೇ ಹೆಚ್ಚು, ಮರಗಳು ಕಡಿಮೆ. ಈಚೆಗೆ ನಗರಸಭೆಗೆ ಹೊಗೆಯ ಮೇಲೆ, ಕಸದ ಮೇಲೆ ಒಟ್ಟಿಗೇ ಕೋಪ ಬಂದಿತ್ತು. ಬೀದಿ ಬೀದಿಗೆ ಬಣ್ಣಬಣ್ಣದ ಡಬ್ಬಿಗಳು ಬಂದವು. ಕಸ ವಿಂಗಡಿಸುವ ಶೆಡ್ಡುಗಳು ಎದ್ದವು. ಸೊಸೆಗೆ ಅಂಥ ಒಂದು ಶೆಡ್ಡಿನಲ್ಲೇ ಕೆಲಸ ಸಿಕ್ಕಿತು, ಬೆಳಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ. ಕಾರ್ಖಾನೆಗಳ ಚಿಮಣಿಗೆ ಧೂಳು ಹಿಡಿಯುವ ಚೀಲ ಕಟ್ಟಬೇಕೆಂದು ಆಜ್ಞೆಯಾಯಿತು. ಎದುರಿನ ಎರಕದ ಕಾರ್ಖಾನೆಯವರೂ ಚೀಲ ಕಟ್ಟಿದರು. ಚೀಲ ನಿಜಕ್ಕೂ ಧೂಳು ಹಿಡಿಯುತ್ತದೋ, ಹಿಡಿದಂತೆ ನಟಿಸುತ್ತದೋ ನೋಡಲು ನಗರಸಭೆ ಗಾಳಿ ಅಳೆಯುವ ಈ ಯಂತ್ರವನ್ನು ತಂದಿಟ್ಟಿತು. ಸುತ್ತಮುತ್ತ ಎತ್ತರದ ಕಟ್ಟಡ ಇದೊಂದೇ ಆದ್ದರಿಂದ ಯಂತ್ರ ಈ ತಾರಸಿಗೇ ಬಂತು. ಆದರೆ ಕಟ್ಟಡ ಅದೇ ಕಾರ್ಖಾನೆಯ ಕೆಲಸಗಾರರ ವಸತಿ. ಹಾಲು ಕಾಯಲು ಬೆಕ್ಕನ್ನು ಕೂರಿಸಿದ ಹಾಗಾಯಿತು ಎಂದು ಕೆಳಗಿನ ಅಂಗಡಿಯವನು ಆ ದಿನವೇ ನಕ್ಕಿದ್ದ.

ತಿಂಗಳ ಕೊನೆಯವರೆಗೆ ಫಲಕ ಕೆಂಪಾಗದೆ, ಆದಷ್ಟು ಹಸಿರಾಗಿದ್ದರೆ ಕಾರ್ಖಾನೆ ಉಳಿಯುತ್ತದೆ. ಇಲ್ಲವಾದರೆ ಕುಲುಮೆ ಆರುತ್ತದೆ, ಗೇಟಿಗೆ ಬೀಗ ಬೀಳುತ್ತದೆ. ಅವಳ ಗಂಡ ಅಲ್ಲಿ ಮರಳಿನ ಅಚ್ಚು ಕಟ್ಟುವವನು. ಅಪ್ಪನಿಂದ ಮಗನಿಗೆ ಬಂದ ಕೆಲಸ. ಬೇರೆ ಕೆಲಸ ಅವನ ಕೈಗೆ ಗೊತ್ತಿಲ್ಲ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಅದಕ್ಕೇ ಕಿತ್ತಳೆಯಾಗಿರುತ್ತಿದ್ದ ಫಲಕ ಹಸಿರಾಗಿರುವುದನ್ನು ಕಂಡ ಮೊದಲ ಮಧ್ಯಾಹ್ನ ಸೊಸೆ ತಾರಸಿಯ ಮೇಲೆ ನಿಂತು ಕೈಮುಗಿದಿದ್ದಳು. ಈಗ ದಿನವೂ ಅದೇ ಹಸಿರು ನೋಡುತ್ತ ಅವಳು ಬಟ್ಟೆಯ ಮಸಿ ಕೊಡವುತ್ತಿದ್ದಳು.

ಯಂತ್ರವನ್ನು ನೋಡಿಕೊಳ್ಳಲು ನಗರಸಭೆಯಿಂದ ವಾರಕ್ಕೊಮ್ಮೆ ಒಬ್ಬಳು ಬರುತ್ತಿದ್ದಳು. ಮನೆಯಲ್ಲಿ ಅವಳಿಗೆ ‘ಯಂತ್ರದವಳು’ ಎಂದೇ ಹೆಸರು. ಸ್ಕೂಟರ್ ನಿಲ್ಲಿಸಿ, ಬೆನ್ನಿಗೆ ಚೀಲ ಹಾಕಿಕೊಂಡು ಮೆಟ್ಟಿಲು ಹತ್ತಿ, ಮೇಲೆ ಅರ್ಧ ಗಂಟೆ ಕೂತು, ಇಳಿಯುವಾಗ ಇವರ ಮನೆಯಲ್ಲಿ ಚಹಾ ಕುಡಿದು ಹೋಗುವುದು ವಾಡಿಕೆ. ತಾರಸಿಯ ಬಾಗಿಲಿನ ಒಂದು ಕೀಲಿ ಅವಳ ಹತ್ತಿರ. ಇನ್ನೊಂದು ಇವರ ಮನೆಯ ಗೋಡೆಯ ಮೊಳೆಯಲ್ಲಿ, ಏಕೆಂದರೆ ಕೊನೆಯ ಮಹಡಿ ಇವರದೇ, ತಾರಸಿಯ ಮೆಟ್ಟಿಲು ಇವರ ಬಾಗಿಲ ಪಕ್ಕದಲ್ಲೇ.

ಆ ವಾರ ಅವಳು ಇಳಿದು ಬಂದಾಗ ಮುಖದಲ್ಲಿ ಎಂದಿನ ನಗು ಇರಲಿಲ್ಲ.

“ಹೇಗಿದೆಯಮ್ಮಾ ಅದು?” ಎಂದು ಅತ್ತೆ ಕೇಳಿದರು. ಮಂಚದ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. “ಸರಿಯಾಗಿ ಉಸಿರಾಡ್ತಿದೆಯಾ?”

“ನನಗಿಂತ ಚೆನ್ನಾಗಿ ಉಸಿರಾಡ್ತಿದೆ ಅಜ್ಜಿ.”

“ಒಳ್ಳೇದಾಯ್ತು ಬಿಡು. ಪಾಪ, ಹಗಲೂ ರಾತ್ರಿ ಬಿಸಿಲಲ್ಲಿ ಮಳೇಲಿ ನಿಂತಿರುತ್ತೆ.”

“ರಾತ್ರಿ ಬಿಸಿಲೆಲ್ಲಿಂದ ಬರುತ್ತೆ ಅತ್ತೆ?” ಎಂದು ಸೊಸೆ ಲೋಟ ಇಟ್ಟಳು.

“ಈ ಊರಲ್ಲಿ ಕುಲುಮೆ ಉರೀತಿರೋವಾಗ ರಾತ್ರೀನೂ ಬಿಸಿಲೇ ಕಣೇ.”

ಯಂತ್ರದವಳು ನಗಲಿಲ್ಲ. ಲೋಟ ಹಿಡಿದುಕೊಂಡು ಬಾಗಿಲಾಚೆ ಸರಿದು, ಸೊಸೆಯನ್ನು ಕಣ್ಣಿನಲ್ಲೇ ಕರೆದಳು.

“ಅಕ್ಕಾ, ಒಂದು ಮಾತು. ಯಂತ್ರ ಸರಿಯಾಗಿದೆ. ಅದೇ ನನಗೆ ಚಿಂತೆ.”

“ಅಂದ್ರೆ?”

“ಊರಲ್ಲಿರೋ ಬೇರೆ ಎಲ್ಲ ಯಂತ್ರದಲ್ಲೂ ಗಾಳಿ ಮೊದಲಿನ ಹಾಗೇ ಇದೆ. ನಿಮ್ಮ ಮನೆ ಮೇಲೆ ಮಾತ್ರ ಬೆಟ್ಟದ ತುದೀಲಿರೋ ಗಾಳಿ ಬೀಸ್ತಾ ಇದೆ. ಯಾರೋ ಏನೋ ಮಾಡ್ತಿದ್ದಾರೆ ಅಕ್ಕಾ. ಮೂಗಿಗೆ ಬಟ್ಟೆ ಕಟ್ತಾರೋ, ನೀರು ಹೊಡೀತಾರೋ ಗೊತ್ತಿಲ್ಲ. ಬೇರೆ ಊರಲ್ಲೆಲ್ಲ ಮಾಡಿ ಸಿಕ್ಕಿಬಿದ್ದಿದ್ದಾರೆ.”

ಸೊಸೆ ಹತ್ತಿರ ಸರಿದಳು. “ಸಿಕ್ಕಿಬಿದ್ರೆ ಏನಾಗುತ್ತೆ?”

“ಮಾಡಿದವರ ಮೇಲೆ ಕೇಸು. ಕಾರ್ಖಾನೆಗೆ ಅವತ್ತೇ ಬೀಗ, ತಿಂಗಳ ಕೊನೆವರೆಗೂ ಕಾಯೋದಿಲ್ಲ. ನಾನು ಮೇಲಿನವರಿಗೆ ಇನ್ನೂ ಬಾಯಿ ಬಿಟ್ಟಿಲ್ಲ. ನಿಮ್ಮ ಮನೆ ಚಹಾ ಕುಡಿದ ಋಣ ಅಂತ ಮೊದಲು ನಿಮಗೆ ಹೇಳ್ತಿದ್ದೀನಿ. ಮುಂದಿನ ವಾರ ಬಂದಾಗ ಕೇಳ್ತೀನಿ.” ಅವಳ ಕಣ್ಣು ಒಮ್ಮೆ ಮೊಳೆಯಲ್ಲಿದ್ದ ಕೀಲಿಯ ಕಡೆ ಹೋಗಿ ಬಂತು. “ಆ ಕೀಲಿ ಯಾರ್ಯಾರು ಮುಟ್ತಾರೆ ಅಂತ ಸ್ವಲ್ಪ ನೋಡ್ಕೊಳ್ಳಿ.”

ಮಂಚದ ಮೇಲಿಂದ ಅತ್ತೆ ಗದರಿದರು. ಅವರ ಮೊಣಕಾಲು ಸೋತಿತ್ತೇ ಹೊರತು ಕಿವಿ ಸೋತಿರಲಿಲ್ಲ, ಅರ್ಧ ಮಾತು ಅಲ್ಲಿಗೂ ತಲುಪಿತ್ತು. “ಅದಕ್ಕೆ ಯಾರು ಏನು ಮಾಡಿದ್ರಂತೆ? ಬಾಯಿಲ್ಲದ ಜೀವಕ್ಕೆ ಕೈ ಮಾಡಿದವರ ಕೈ ಸೇದಿಹೋಗ್ಲಿ!”

“ಜೀವ ಅಲ್ಲ ಅತ್ತೆ, ಯಂತ್ರ.”

“ಉಸಿರಾಡುತ್ತೆ ಅಂದ್ಮೇಲೆ ಜೀವಾನೇ.” ಅತ್ತೆ ಮತ್ತೆ ಎಣ್ಣೆಗೆ ಬೆರಳದ್ದಿದರು. ತುಟಿ ಅಲುಗತೊಡಗಿತು. ಚಿಕ್ಕಂದಿನಲ್ಲಿ ಕೇಳಿ ಕೇಳಿ ಬಾಯಿಗೆ ಬಂದ ಪದ್ಯಗಳು ಅವರವು. ಕೈ ಏನಾದರೂ ಮಾಡುತ್ತಿದ್ದರೆ ನಾಲಿಗೆಯೂ ತನ್ನ ಪಾಡಿಗೆ ತಾನು ಪದ್ಯ ಹೇಳಿಕೊಳ್ಳುತ್ತಿತ್ತು. ಅರ್ಥ ಕೇಳಿದರೆ, “ಹೇಳ್ತಾ ಇದ್ರೆ ಒಂದಿನ ಅದೇ ಅರ್ಥ ಹೇಳುತ್ತೆ” ಎನ್ನುತ್ತಿದ್ದರು.

ಮರುದಿನ ಶೆಡ್ಡಿನಲ್ಲಿ ಸೊಸೆಯ ಕೈ ಓಡಲಿಲ್ಲ. ಉದ್ದನೆಯ ಮೇಜಿನ ಮೇಲೆ ಕಸದ ರಾಶಿ. ಬಾಟಲಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ, ಹಾಲಿನ ಕವರು ಮತ್ತೊಂದು ಕಡೆ. ಎದುರಿಗೆ ನಿಂತು ಅದೇ ಕೆಲಸ ಮಾಡುತ್ತಿದ್ದವಳನ್ನು ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದರು. ಅವಳ ಬಾಯಿಗೆ ಹಚ್ಚುವ ಗುಂಡಿ ಇತ್ತು, ಆರಿಸುವ ಗುಂಡಿ ಮಾತ್ರ ಇರಲಿಲ್ಲ.

“ಏನೇ, ಮುಚ್ಚಳವನ್ನ ಬಟ್ಟೆ ರಾಶಿಗೆ ಹಾಕ್ತಿದ್ದೀಯ? ಮನೇಲಿ ಜಗಳವಾ?”

ಬೇಡಬೇಡವೆಂದರೂ ಸೊಸೆ ಹೇಳಿಬಿಟ್ಟಳು. ಯಂತ್ರ, ಹಸಿರು, ಕೀಲಿ, ಎಲ್ಲ. ಹೇಳುತ್ತಿದ್ದಂತೆಯೇ ನಾಲಿಗೆ ಕಚ್ಚಿಕೊಂಡಳು.

ರೇಡಿಯೋ ಅಪರೂಪಕ್ಕೆ ದನಿ ತಗ್ಗಿಸಿದಳು. “ನಾನು ಯಾರಿಗೂ ಹೇಳಲ್ಲ ಬಿಡು. ಯಾರಿಗೆ ಲಾಭ ಅಂತ ಯೋಚನೆ ಮಾಡು. ನಿನ್ನ ಗಂಡನಿಗೆ ಲಾಭ, ಅವರ ಮೇಸ್ತ್ರಿಗೆ ಲಾಭ, ಯಜಮಾನನಿಗಂತೂ ಹಬ್ಬ. ಆದರೆ ಯಜಮಾನ ನಿಮ್ಮ ಮೆಟ್ಟಿಲು ಹತ್ತೋದಿಲ್ಲ, ಅವನ ಹೊಟ್ಟೆ ಬಿಡೋದಿಲ್ಲ. ಕೀಲಿ ಎಲ್ಲಿದೆ?”

“ನಮ್ಮ ಗೋಡೇಲಿ.”

“ಮತ್ತೆ ಊರೆಲ್ಲ ಯಾಕೆ ಹುಡುಕ್ತೀಯ? ಮೊದಲು ಒಳಗೆ ನೋಡು.”

“ನನ್ನ ಗಂಡ ಅಂಥವನಲ್ಲ.”

“ಎಲ್ಲರ ಗಂಡಂದಿರೂ ಅಂಥವರಲ್ಲ ಕಣೇ, ಸಿಕ್ಕಿಬೀಳೋವರೆಗೆ,” ಎಂದು ರೇಡಿಯೋ ಒಂದು ಬಾಟಲಿಯನ್ನು ತುಳಿದು ಚಪ್ಪಟೆ ಮಾಡಿದಳು.

ಅನುಮಾನ ಕಣ್ಣಿಗೆ ಬಿದ್ದ ಧೂಳಿನ ಹಾಗೆ. ಉಜ್ಜಿದಷ್ಟೂ ಒಳಗೆ ಹೋಗುತ್ತದೆ. ಮನೆಗೆ ನಡೆಯುತ್ತ ಸೊಸೆಗೆ ಒಂದೊಂದೇ ನೆನಪಾಯಿತು. ಈಚೆಗೆ ಗಂಡ ಕೆಲಸದಿಂದ ಬಂದವನೇ ಚಪ್ಪಲಿ ಬಿಡುವ ಮೊದಲೇ ಮೊಳೆಯಿಂದ ಕೀಲಿ ತೆಗೆದುಕೊಳ್ಳುತ್ತಿದ್ದ. “ಸ್ವಲ್ಪ ಗಾಳಿಗೆ” ಎನ್ನುತ್ತಿದ್ದ. ಈ ಊರಿನ ಗಾಳಿಗೆ ಯಾರಾದರೂ ಬೇಕೆಂದು ಹೋಗುತ್ತಾರೆಯೇ? ಅವಳು ಜೊತೆಗೆ ಬರುತ್ತೇನೆಂದರೆ, “ನೀನು ಅನ್ನಕ್ಕಿಡು” ಎನ್ನುತ್ತಿದ್ದ. ಇಳಿದು ಬಂದಾಗ ಮುಖ ತೊಳೆದುಕೊಂಡಂತೆ ಒದ್ದೆಯಾಗಿರುತ್ತಿತ್ತು. ಇನ್ನೂ ಒಂದಿತ್ತು. ಬಚ್ಚಲುಮನೆಯ ಗಳುವಿನ ಮೇಲೆ ಮಂಚದ ಹಳೆಯ ದುಪ್ಪಟಿಗಳು ಆಗಾಗ ಒದ್ದೆಯಾಗಿ ನೇತಾಡುತ್ತಿದ್ದವು. ತಾನು ಒಗೆದದ್ದಲ್ಲ. ಕೇಳಿದರೆ ಅತ್ತೆ, “ನೀರು ಚೆಲ್ಲಿಬಿಟ್ಟೆ ಕಣೇ, ಕೈ ನಡುಗುತ್ತೆ” ಎಂದಿದ್ದರು. ಮಗ ಮಾಡಿದ್ದನ್ನು ಮುಚ್ಚಿಡಲು ತಾಯಿ ಹೇಳಿದ ಮಾತೇ ಅದು?

ಕಾರ್ಖಾನೆಯ ಗೇಟಿನ ಮುಂದೆ ಮೇಸ್ತ್ರಿ ನಿಂತಿದ್ದ. ದಪ್ಪ ಮೀಸೆ, ಮೀಸೆಗಿಂತ ದಪ್ಪ ನಗು. ಕತ್ತೆತ್ತಿ ಫಲಕದ ಹಸಿರನ್ನು ನೋಡುತ್ತಿದ್ದವನು ಅವಳನ್ನು ಕಂಡು ಕೈ ಜೋಡಿಸಿದ.

“ಏನು ತಂಗಿ, ನಿಮ್ಮ ತಾರಸಿ ನಮ್ಮೆಲ್ಲರ ಅನ್ನ ಕಾಯ್ತಾ ಇದೆ! ಅಜ್ಜಿ ಹುಷಾರಾಗಿದ್ದಾರಾ? ಮೊನ್ನೆ ನಿಮ್ಮ ಕಡೆ ಬಂದಿದ್ದೆ. ಕಿತ್ತಳೆ ಹಣ್ಣು ಕೊಟ್ಟು ಬಂದೆ.”

“ಯಾವಾಗ ಬಂದಿದ್ರಿ?”

“ಮಧ್ಯಾಹ್ನ. ನೀವಿರಲಿಲ್ಲ.”

ತಾನಿಲ್ಲದ ಹೊತ್ತು. ಅತ್ತೆ ಹಣ್ಣಿನ ವಿಷಯ ಹೇಳಿದ್ದರು, ಮೇಸ್ತ್ರಿಯ ವಿಷಯ ಹೇಳಿರಲಿಲ್ಲ. ಸೊಸೆ ಅವನ ಮುಖವನ್ನೇ ನೋಡಿದಳು. “ಅಣ್ಣಾ, ಗಾಳಿ ನಿಜವಾಗ್ಲೂ ಚೆನ್ನಾಗಿದೆ ಅಂತೀರಾ?”

ಮೇಸ್ತ್ರಿ ಕೆಮ್ಮಿ ಗಂಟಲು ಸರಿಮಾಡಿಕೊಂಡ. “ಮನೆಗೆ ತಾನಾಗೇ ಬಂದ ಲಕ್ಷ್ಮಿಗೆ ಯಾವ ಊರು, ಯಾವ ಬೀದಿ ಅಂತ ಕೇಳ್ತಾರಾ? ಚೀಲ ಕಟ್ಟಿದ್ದೀವಿ, ಧೂಳು ಹಿಡಿದಿದೆ. ನಾನು ಹೆಚ್ಚು ಕೇಳೋದಿಲ್ಲ, ನೀವೂ ಕೇಳಬೇಡಿ ತಂಗಿ. ಕೆದಕಿದಷ್ಟೂ ಬೂದಿಯೊಳಗೆ ಕೆಂಡ ಸಿಗುತ್ತೆ.”

ಆ ಮಾತು ಬುದ್ಧಿವಾದವೋ ಬೆದರಿಕೆಯೋ ಅವಳಿಗೆ ಅರ್ಥವಾಗಲಿಲ್ಲ. ಎರಡೂ ಒಂದೇ ಧ್ವನಿಯಲ್ಲಿ ಬರುವುದುಂಟು.

ಆ ಸಂಜೆ ಗಂಡ ಬಂದ. ಹುಬ್ಬಿನಲ್ಲಿ ಮರಳು, ಉಗುರಿನ ಸಂದಿಯಲ್ಲಿ ಮರಳು. ಎಂದಿನಂತೆ ಕೀಲಿ ತೆಗೆದುಕೊಂಡು ಮೇಲೆ ಹೋದ. ಸೊಸೆ ಒಲೆ ಸಣ್ಣ ಮಾಡಿ, ಬರಿಗಾಲಲ್ಲಿ ಹಿಂದೆಯೇ ಹತ್ತಿದಳು. ಬಾಗಿಲ ಸಂದಿಯಲ್ಲಿ ನಿಂತು ಇಣುಕಿದಳು.

ಗಂಡ ಯಂತ್ರದ ಹತ್ತಿರ ಹೋಗಲೇ ಇಲ್ಲ. ತೊಟ್ಟಿಯ ಆಚೆ, ಗೋಡೆಯ ಮೇಲೆ ಎರಡೂ ಕೈ ಊರಿ ಬಗ್ಗಿ ನಿಂತಿದ್ದ. ಬಾಯಿಗೆ ಟವೆಲ್ ತುರುಕಿಕೊಂಡಿದ್ದ. ಬೆನ್ನು ಮೇಲಿಂದ ಕೆಳಗೆ ನಡುಗುತ್ತಿತ್ತು. ಅವನು ಕೆಮ್ಮುತ್ತಿದ್ದ. ಸದ್ದು ಹೊರಗೆ ಬಾರದಂತೆ, ಕದ್ದು ಕೆಮ್ಮುತ್ತಿದ್ದ. ಮುಗಿದ ಮೇಲೆ ತೊಟ್ಟಿಯ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡ.

“ರೀ...”

ಅವನು ಬೆಚ್ಚಿಬಿದ್ದು ತಿರುಗಿದ. “ನೀನ್ಯಾಕೆ ಬಂದೆ?”

“ಎಷ್ಟು ದಿನದಿಂದ?”

“ಏನಿಲ್ಲ, ಮರಳಿನ ಧೂಳು. ಅಮ್ಮನಿಗೆ ಹೇಳಬೇಡ. ಅಪ್ಪನಿಗೂ ಹೀಗೇ ಶುರುವಾಗಿದ್ದು. ಅವಳಿಗೆ ಕೇಳಿಸಿದ್ರೆ ಅನ್ನ ಬಿಡ್ತಾಳೆ.”

ಕೋಪ ಮಾಡಿಕೊಳ್ಳಲೋ ಅಳಲೋ ತಿಳಿಯದೆ ಸೊಸೆ ಟವೆಲ್ ಕಿತ್ತುಕೊಂಡು ಅವನ ಕುತ್ತಿಗೆ ಒರೆಸಿದಳು. “ನಾನು ಏನೇನೋ ಅಂದ್ಕೊಂಡಿದ್ದೆ. ನೀವು ಆ ಯಂತ್ರಕ್ಕೆ ಏನೋ ಮಾಡ್ತಿದ್ದೀರಿ ಅಂತ.”

ಗಂಡ ಅವಳನ್ನೇ ದಿಟ್ಟಿಸಿದ. “ನಾನಾ? ನಾನು ನೀನು ಅಂದ್ಕೊಂಡಿದ್ದೆ.”

“ನಾನಾ!”

“ಮತ್ತೆ? ಚಹಾ ಬಿಡುವಲ್ಲಿ ಗೇಟಿಗೆ ಬಂದು ನೋಡಿದಾಗೆಲ್ಲ ಫಲಕ ಹಸಿರು, ನೀನು ಇಲ್ಲಿ ಬಟ್ಟೆ ತೆಗೀತಿರ್ತೀಯ. ಹೆಂಗಸು ಮನೆ ಉಳಿಸೋಕೆ ಏನೋ ಮಾಡ್ತಿದ್ದಾಳೆ, ಕೇಳೋದು ಬೇಡ ಅಂತ ಸುಮ್ಮನಿದ್ದೆ.”

ಇಬ್ಬರಿಗೂ ಒಟ್ಟಿಗೇ ನಗು ಬಂತು. ನಕ್ಕದ್ದಕ್ಕೆ ಅವನಿಗೆ ಮತ್ತೆ ಕೆಮ್ಮು ಬಂತು. ಒಂದೇ ದಿಂಬಿನ ಮೇಲೆ ತಲೆಯಿಟ್ಟು ಇಷ್ಟು ದಿನ ಒಬ್ಬರನ್ನೊಬ್ಬರು ಕಳ್ಳರೆಂದುಕೊಂಡು ಮಲಗಿದ್ದರು. ನಗು ನಿಂತ ಮೇಲೆ ಸೊಸೆ ಗೋಡೆಯಾಚೆ ಬಗ್ಗಿ ನೋಡಿದಳು. ಕೆಳಗಿನ ಫಲಕ ಕಿತ್ತಳೆಯಾಗಿತ್ತು.

“ಮಧ್ಯಾಹ್ನ ಹಸಿರಿತ್ತಲ್ರೀ?”

“ಸಂಜೆ ಯಾವಾಗ್ಲೂ ಹೀಗೇ. ಬೆಳಗ್ಗೆ ನಾನು ಹೋಗೋವಾಗ್ಲೂ ಹೀಗೇ.”

ಅವಳು ಫಲಕವನ್ನು ನೋಡುತ್ತಿದ್ದದ್ದು ಬಟ್ಟೆ ತೆಗೆಯುವ ಹೊತ್ತಿನಲ್ಲಿ ಮಾತ್ರ. ಇದು ಈಗ ತಾನೇ ಹೊಳೆಯಿತು. ಯಂತ್ರ ಅಳೆದದ್ದು ಫಲಕದಲ್ಲಿ ಬದಲಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದು ಯಂತ್ರದವಳು ಹಿಂದೆ ಹೇಳಿದ್ದಳು. ಹಾಗಾದರೆ ಯಾರು ಏನು ಮಾಡುತ್ತಿದ್ದರೂ ಅದು ನಡುಹಗಲಿನಲ್ಲಿ. ಆಗ ಗಂಡ ಕಾರ್ಖಾನೆಯಲ್ಲಿರುತ್ತಾನೆ, ತಾನು ಶೆಡ್ಡಿನಲ್ಲಿ. ಮನೆಯಲ್ಲಿ ಅತ್ತೆಯೊಬ್ಬರೇ. ಅತ್ತೆಗೆ ಮೆಟ್ಟಿಲು ಹತ್ತಲಾಗದು. ಕೆಳಗಿಳಿದು ಬೀದಿ ನೋಡಿ ವರ್ಷವೇ ಆಗಿರಬೇಕು. ಆದರೆ ಮೊಳೆಯಿಂದ ಕೀಲಿ ತೆಗೆದುಕೊಡಲು ಮೊಣಕಾಲು ಬೇಕಾಗಿಲ್ಲ. ಮಧ್ಯಾಹ್ನ ಬಂದ ಮೇಸ್ತ್ರಿ. ಕಿತ್ತಳೆ ಹಣ್ಣು. ‘ಅಜ್ಜಿ, ಕೀಲಿ ಸ್ವಲ್ಪ ಕೊಡಿ.’

ಅವಳು ಅದನ್ನು ಗಂಡನಿಗೆ ಹೇಳಲಿಲ್ಲ. ತಾಯಿಯ ಮೇಲೆ ಹೇಳುವ ಮೊದಲು ಕಣ್ಣಾರೆ ನೋಡಬೇಕು.

ಯಂತ್ರದವಳು ಮತ್ತೆ ಬರುವ ದಿನ ಬಂತು. ಅವಳು ಬರುವುದು ಯಾವಾಗಲೂ ಸಂಜೆ. ಅಷ್ಟರೊಳಗೆ ತಿಳಿಯಲೇಬೇಕು. ಸೊಸೆ ಬೆಳಗ್ಗೆ ಬಟ್ಟೆ ಒಣಹಾಕಿ ಇಳಿಯುವಾಗ ತಾರಸಿಯ ಬಾಗಿಲಿಗೆ ಬೀಗ ಒತ್ತದೆ ಸುಮ್ಮನೆ ನೇತುಹಾಕಿದಳು. ಕೀಲಿಯನ್ನು ಮೊಳೆಗೆ ಸಿಕ್ಕಿಸಿದಳು. “ಬರ್ತೀನಿ ಅತ್ತೆ” ಎಂದು ಗಟ್ಟಿಯಾಗಿ ಹೇಳಿ, ಚಪ್ಪಲಿ ಸದ್ದಾಗುವಂತೆ ಕೆಳಗಿನವರೆಗೆ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಮತ್ತೆ ಮೇಲೆ ಬಂದಳು. ತನ್ನ ಮನೆಗೆ ತಾನೇ ಕಳ್ಳಿಯಾದೆನಲ್ಲ ಎನಿಸಿತು. ತೊಟ್ಟಿಯ ಹಿಂದೆ, ಒಂದಿಷ್ಟು ನೆರಳಿದ್ದಲ್ಲಿ ಕೂತಳು.

ಬಿಸಿಲು ಏರಿತು. ಯಂತ್ರ ಗುಂಯ್‌ಗುಟ್ಟುತ್ತಲೇ ಇತ್ತು. ಕುಲುಮೆಯ ಹೊಗೆ ಮೇಲೆದ್ದು, ಏನೋ ಮರೆತುಬಂದವರಂತೆ ಮತ್ತೆ ಕೆಳಗೇ ಇಳಿಯುತ್ತಿತ್ತು. ಕೊನೆಗೆ ಮೆಟ್ಟಿಲ ಮೇಲೆ ಸದ್ದಾಯಿತು. ಠಣ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಠಣ್. ಯಾರೋ ಬಕೆಟ್ ಒಂದು ಮೆಟ್ಟಿಲ ಮೇಲಿಟ್ಟು, ತಾವು ಒಂದು ಮೆಟ್ಟಿಲು ಹತ್ತಿ, ಸುಧಾರಿಸಿಕೊಂಡು, ಬಕೆಟ್ಟನ್ನು ಮತ್ತೆ ಎತ್ತುತ್ತಿದ್ದರು. ಮೇಸ್ತ್ರಿಯ ನಡಿಗೆ ಹಾಗಿರಲಿಲ್ಲ.

“ನೋಡು, ಬೀಗಾನೇ ಹಾಕಿಲ್ಲ ಹುಡುಗಿ,” ಎನ್ನುವ ದನಿ ಕೇಳಿತು. “ಅವಳ ತಲೆ ಎಲ್ಲಿರುತ್ತೋ.”

ಬಾಗಿಲು ತೆರೆಯಿತು. ಅತ್ತೆ.

ಏದುಸಿರು ಬಿಡುತ್ತ ಅವರು ಬಕೆಟ್ಟನ್ನು ಯಂತ್ರದ ಹತ್ತಿರಕ್ಕೆ ಎಳೆದರು. ಬಕೆಟ್ಟಿನಿಂದ ನೀರು ಸೋರುವ ದುಪ್ಪಟಿ ತೆಗೆದು, ಒಂದು ತುದಿಯನ್ನು ಬಟ್ಟೆ ತಂತಿಗೆ, ಇನ್ನೊಂದು ತುದಿಯನ್ನು ತೊಟ್ಟಿಯ ಕೊಳಾಯಿಗೆ ಕಟ್ಟಿದರು. ಎರಡನೆಯದನ್ನು ಆಚೆ ಪಕ್ಕಕ್ಕೆ. ಸ್ವಲ್ಪ ಹೊತ್ತಿನಲ್ಲಿ ಯಂತ್ರ ಒದ್ದೆ ಬಟ್ಟೆಯ ಕೋಣೆಯೊಳಗೆ ನಿಂತಿತ್ತು. ಅತ್ತೆಯ ತುಟಿಯ ಮೇಲೆ ಪದ್ಯ ಹರಿಯುತ್ತಿತ್ತು. ಉಸಿರು ಕೊಟ್ಟವನೇ, ಕೊಟ್ಟ ಉಸಿರ ಕಾಯುವವನೇ ಎಂಬಂಥ ಯಾವುದೋ ಸಾಲು. ನಡುವೆ ಅದನ್ನು ನಿಲ್ಲಿಸಿ ಅವರು ಯಂತ್ರದ ತಲೆಯನ್ನು ಅಂಗೈಯಿಂದ ತಟ್ಟಿದರು.

“ಸಾಕಪ್ಪಾ ಸಾಕು. ಎಷ್ಟು ಅಂತ ನುಂಗ್ತೀಯ ಆ ಧೂಳನ್ನ. ಸ್ವಲ್ಪ ತಣ್ಣಗೆ ಉಸಿರಾಡು.”

ಸೊಸೆ ಎದ್ದು ನಿಂತಳು. ಅತ್ತೆ ಹೆದರಲಿಲ್ಲ. ಸಿಕ್ಕಿಬಿದ್ದವರ ಮುಖವೇ ಅವರಿಗೆ ಬರಲಿಲ್ಲ.

“ಕೆಲಸಕ್ಕೆ ಹೋಗಲಿಲ್ವೇನೇ?”

“ಏನು ಮಾಡ್ತಿದ್ದೀರಿ ಅತ್ತೆ?”

“ಕಾಣಲ್ವಾ? ಆ ಯಂತ್ರದ ಹುಡುಗಿಯೇ ಹೇಳಿದ್ಲಲ್ಲ, ಇದು ನಮ್ಮ ಹಾಗೇ ಗಾಳಿ ಎಳ್ಕೊಳ್ಳುತ್ತೆ, ದಿನವಿಡೀ ಎಳ್ಕೊಳ್ಳುತ್ತೆ ಅಂತ. ನಿನ್ನ ಮಾವ ಹಾಸಿಗೆ ಹಿಡಿದಾಗ ಕಿಟಕಿಗೆ ಒದ್ದೆ ಸೀರೆ ಕಟ್ತಿದ್ದೆ. ಧೂಳೆಲ್ಲ ಬಟ್ಟೆಗೆ ಹಿಡೀತಿತ್ತು, ಅವರಿಗೆ ಒಂದು ಗಳಿಗೆ ಸಮಾಧಾನ ಆಗ್ತಿತ್ತು. ಇದಕ್ಕೂ ಸುಡು ಬಿಸಿಲಲ್ಲಿ ಯಾರಿದ್ದಾರೆ ಹೇಳು? ನಿನಗೆ ಹೇಳಿದ್ರೆ ಮೊಣಕಾಲು ಅಂತ ಬಯ್ತೀಯ. ಅದಕ್ಕೆ ನೀನು ಬರೋ ಮುಂಚೆ ಎಲ್ಲ ಬಿಚ್ಚಿಕೊಂಡು ಇಳಿದುಬಿಡ್ತಿದ್ದೆ.”

ಸೊಸೆಗೆ ಮೊದಲು ನಗು ಬಂತು. ಯಂತ್ರಕ್ಕೆ ಆರೈಕೆ! ಯಂತ್ರದವಳು, ರೇಡಿಯೋ, ತಾನು, ಎಲ್ಲರೂ ಕಳ್ಳನನ್ನು ಹುಡುಕುತ್ತಿದ್ದರೆ ಇಲ್ಲೊಬ್ಬ ಮುದುಕಿ ಬಕೆಟ್ ಹಿಡಿದು ಯಂತ್ರವನ್ನು ಬಾಣಂತಿಯ ಹಾಗೆ ಸಾಕುತ್ತಿದ್ದಾಳೆ.

“ಮೇಸ್ತ್ರಿ ಬಂದಾಗ ಕೀಲಿ ಕೇಳಿದ್ನಾ?”

“ಅವನ್ಯಾಕೆ ಕೇಳ್ತಾನೆ? ನನ್ನ ಸೀರೆ ಒದ್ದೆಯಾಗಿದ್ದು ನೋಡಿದ. ಬಕೆಟ್ ನೋಡಿದ. ಏನೂ ಕೇಳಲಿಲ್ಲ. ಹಣ್ಣಿಟ್ಟು ಹೋದ. ಯಾಕೋ ಹೋಗೋವಾಗ ಕಾಲಿಗೆ ಬಿದ್ದ.”

ಎಲ್ಲ ತಿಳಿದೂ ಕಣ್ಣು ಮುಚ್ಚಿಕೊಂಡವನು. ಸೊಸೆಯ ನಗು ಆರಿತು. ಮೆಲ್ಲಗೆ, ಮಗುವಿಗೆ ಹೇಳುವಂತೆ ಅವಳು ಹೇಳಿದಳು. ಈ ಯಂತ್ರಕ್ಕೆ ಧೂಳಿನಿಂದ ನೋವಾಗುವುದಿಲ್ಲ. ಧೂಳು ನುಂಗುವುದೇ ಅದರ ಕೆಲಸ. ನುಂಗಿದ್ದೆಷ್ಟು ಎಂದು ಅದು ಕೆಳಗಿನ ಫಲಕಕ್ಕೆ ಹೇಳುತ್ತದೆ. ಫಲಕ ಊರಿಗೆ ಹೇಳುತ್ತದೆ.

ಅತ್ತೆ ಗೋಡೆಯ ಹತ್ತಿರ ಹೋಗಿ ಬಹಳ ಹೊತ್ತು ಕೆಳಗೆ ನೋಡಿದರು. ಅಷ್ಟರಲ್ಲಿ ಫಲಕ ಕಿತ್ತಳೆಯಿಂದ ಹಸಿರಿಗೆ ತಿರುಗಿತು. ನಗುವ ಮುಖ ಮೂಡಿತು.

“ಹಾಗಾದ್ರೆ ಆ ಹಸಿರು ನಂದಾ?”

“ಹೌದು ಅತ್ತೆ.”

“ಊರೆಲ್ಲ ಅದನ್ನ ನೋಡಿ ಕಿಟಕಿ ತೆಗೀತಿದ್ದಾರಾ?”

ಸೊಸೆಯ ತಲೆ ಬೇರೆ ಕಡೆ ಓಡುತ್ತಿತ್ತು. ತಿಂಗಳು ಮುಗಿಯಲು ಇನ್ನು ಕೆಲವೇ ದಿನ. ಯಾರೂ ಈ ಮುದುಕಿಯನ್ನು ಅನುಮಾನಿಸುವುದಿಲ್ಲ. ಒಂದೇ ಮನೆಯಲ್ಲಿರುವ ತಾನೇ ಅನುಮಾನಿಸಿರಲಿಲ್ಲ. ತಾರಸಿಯ ಮೇಲೆ ಬಟ್ಟೆ ಒಣಹಾಕುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಹಾವೂ ಸಾಯದು, ಕೋಲೂ ಮುರಿಯದು. ಇಷ್ಟು ದಿನ ಕಳ್ಳರನ್ನು ಹುಡುಕಿದ ಅದೇ ಮನಸ್ಸು ಈಗ ದಾರಿ ಹುಡುಕುತ್ತಿರುವುದು ಅವಳಿಗೆ ಗೊತ್ತಾಯಿತು. ಗೊತ್ತಾದರೂ ನಿಲ್ಲಲಿಲ್ಲ.

“ಅತ್ತೆ, ಇನ್ನು ಸ್ವಲ್ಪ ದಿನ ಹೀಗೇ ಇರಲಿ. ತಿಂಗಳು ಮುಗಿಯೋವರೆಗೆ. ನೀವು ಹತ್ತಬೇಡಿ, ನಾನೇ ರಜ ಹಾಕಿ ಕಟ್ತೀನಿ.”

ಅತ್ತೆ ತಿರುಗಿದರು. ಅವರ ಕಣ್ಣಿನಲ್ಲಿ ಸೊಸೆ ಹಿಂದೆಂದೂ ಕಾಣದ ಒಂದು ನೋಟವಿತ್ತು. ಬಾಗಿಲಿಗೆ ಬಂದ ಅಪರಿಚಿತಳನ್ನು ಅಳೆಯುವ ನೋಟ.

“ಅವನು ಸಂಜೆ ಇಲ್ಲಿ ಬಂದು ಕೆಮ್ತಾನೆ, ಅಲ್ವಾ?”

“ಅತ್ತೆ...”

“ಬಾಯಿಗೆ ಬಟ್ಟೆ ತುರುಕಿಕೊಂಡು ಕೆಮ್ತಾನೆ. ಅವರಪ್ಪನೂ ಹಾಗೇ ಮಾಡ್ತಿದ್ರು, ಬಚ್ಚಲಲ್ಲಿ. ಗೊತ್ತಿಲ್ಲ ಅನ್ನೋ ಹಾಗೆ ನಾನೂ ಇರ್ತಿದ್ದೆ. ಅವರೂ ಮುಚ್ಚಿಟ್ರು, ನಾನೂ ಮುಚ್ಚಿಟ್ಟೆ. ಇಬ್ರೂ ಸೇರಿ ಅವರನ್ನ ಮುಗಿಸಿದ್ವಿ.” ಅವರು ದುಪ್ಪಟಿಯ ಗಂಟಿಗೆ ಕೈ ಹಾಕಿದರು.

ಸೊಸೆ ಆ ಕೈ ಹಿಡಿದುಕೊಂಡಳು. “ಕೆಲಸ ಹೋದ್ರೆ ಅವರ ಕೆಮ್ಮು ನಿಲ್ಲುತ್ತಾ? ಡಾಕ್ಟರ ಹತ್ರ ಹೋಗೋಕೆ ದುಡ್ಡೆಲ್ಲಿಂದ ತರೋದು? ಈ ಮನೆ ಖಾಲಿ ಮಾಡಿ ನಿಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಬೀದಿಗಾ? ನನಗೇನು ಆಸೆ ಅಂತ ತಿಳ್ಕೊಂಡ್ರಾ?”

“ಇಲ್ಲ ಕಣೇ. ನಿನ್ನ ಸಂಕಟ ನನಗೆ ಕೇಳಿಸ್ತಿದೆ.” ಅತ್ತೆಯ ದನಿ ಗಡುಸಾಗಿರಲಿಲ್ಲ. ಗಂಟು ಬಿಚ್ಚುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ದುಪ್ಪಟಿಯ ಆಚೆ ಮಗ್ಗುಲು ಬೂದುಬಣ್ಣಕ್ಕೆ ತಿರುಗಿತ್ತು. ಅವರು ಅದನ್ನು ಬೆರಳಿನಿಂದ ಉಜ್ಜಿ, ಬೆರಳು ನೋಡಿಕೊಂಡರು.

ಕೆಳಗೆ ಸ್ಕೂಟರ್ ನಿಂತ ಸದ್ದಾಯಿತು. ಸೊಸೆ ಗೋಡೆಯಾಚೆ ಬಗ್ಗಿದಳು. ಯಂತ್ರದವಳು ಬೆನ್ನಿಗೆ ಚೀಲ ಏರಿಸಿಕೊಳ್ಳುತ್ತ, ಕತ್ತೆತ್ತಿ ತಾರಸಿಯನ್ನೇ ನೋಡುತ್ತಿದ್ದಳು. ಸಂಜೆ ಬರಬೇಕಾದವಳು ನಡುಹಗಲಿಗೇ ಬಂದಿದ್ದಳು. ಅವಳಿಗೂ ನಡುಹಗಲಿನ ಲೆಕ್ಕ ಸಿಕ್ಕಿತ್ತು.

ಸೊಸೆ ಕೈಗೆ ಸಿಕ್ಕ ದುಪ್ಪಟಿಯನ್ನು ಎಳೆದು ಬಕೆಟ್ಟಿಗೆ ತುಂಬಿದಳು. ಇನ್ನೊಂದನ್ನು ಎಳೆದಳು. ಮೆಟ್ಟಿಲಲ್ಲಿ ಹೆಜ್ಜೆ ಕೇಳತೊಡಗಿತು. ಯೌವನದ, ಬೇಗಬೇಗನೆ ಏರುವ ಹೆಜ್ಜೆ.

“ಅತ್ತೆ, ಕೇಳಿ. ಇನ್ಮೇಲೆ ಕಟ್ಟೋದು ಬೇಡ. ಆಯ್ತು, ಒಪ್ಪಿದೆ. ಆದರೆ ಆಗಿದ್ದು ಆಗಿಹೋಯ್ತು. ಅವಳು ಕೇಳಿದ್ರೆ ಗೊತ್ತಿಲ್ಲ ಅನ್ನಿ. ಒಂದೇ ಮಾತು. ಮೊಣಕಾಲು ನೋವು, ಮೇಲೆ ಹತ್ತೇ ಇಲ್ಲ ಅನ್ನಿ. ನಿಮ್ಮನ್ನ ಯಾರೂ ಅನುಮಾನ ಪಡೋದಿಲ್ಲ.”

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು, ಯಂತ್ರದ ಪಕ್ಕ ಬಾಗಿಲಿಗೆ ಎದುರಾಗಿ ನಿಂತರು.

“ನಿಮ್ಮ ಮಗನಿಗೋಸ್ಕರ ಅತ್ತೆ. ಕಾಲಿಗೆ ಬೀಳ್ತೀನಿ. ಗೊತ್ತಿಲ್ಲ ಅಂದುಬಿಡಿ.”

“ಅನ್ನಲ್ಲ,” ಎಂದರು ಅತ್ತೆ.